ಪರದೆಯೊಳಗೆ ಆಟ, ಪಕ್ಕದಲ್ಲಿ ಅಜ್ಜಿ

ಗೊರೂರಿನ ಒಂದು ಮನೆ ಎಂದಿಟ್ಟುಕೊಳ್ಳಿ. ಸಂಜೆ ಆರು ಗಂಟೆ. ಅಪ್ಪ ಹಾಸನದಿಂದ ಇನ್ನೂ ಬಂದಿಲ್ಲ, ಅಮ್ಮ ಒಲೆಯ ಮುಂದೆ. ಜಗಲಿಯ ಮೇಲೆ ನಾಲ್ಕು ವರ್ಷದ ಪುಟ್ಟ, ಅವನ ಕೈಯಲ್ಲಿ ಅಪ್ಪನ ಹಳೆಯ ಮೊಬೈಲು. ಪಕ್ಕದಲ್ಲಿ ಅವರೆಕಾಯಿ ಬಿಡಿಸುತ್ತ ಕೂತ ಅಜ್ಜಿ. ಮೊಬೈಲಿನ ಪರದೆಯ ಮೇಲೆ, ಬೆಳಿಗ್ಗೆ ಟಿ.ವಿ.ಯಲ್ಲಿ ಕಂಡ ಅದೇ ಕಾರ್ಟೂನ್ ಗೊಂಬೆ ಈಗ ಮೂರು ಬುಟ್ಟಿ ಹಿಡಿದು ನಿಂತಿದೆ. ಐದು ಸೇಬಿರುವ ಬುಟ್ಟಿ ಯಾವುದೆಂದು ಅದು ಇಂಗ್ಲಿಷಿನಲ್ಲಿ ಕೇಳುತ್ತದೆ. ಪುಟ್ಟ ಕೆಂಪು ಬುಟ್ಟಿಯನ್ನು ಒತ್ತುತ್ತಾನೆ, 'ಟುಂಯ್' ಎಂದು ಸದ್ದಾಗುತ್ತದೆ. ನೀಲಿಯದನ್ನು ಒತ್ತುತ್ತಾನೆ, ಮತ್ತೆ ಅದೇ ಸದ್ದು. ಹಳದಿಯದನ್ನು ಒತ್ತುತ್ತಲೇ ಚಪ್ಪಾಳೆ, ನಕ್ಷತ್ರಗಳ ಮಳೆ!

"ಏನಂತಿದೆ ಮಗಾ ಅದು?" ಎನ್ನುತ್ತಾರೆ ಅಜ್ಜಿ.

"ಗೊತ್ತಿಲ್ಲಜ್ಜಿ. ಹಳದೀದು ಒತ್ತಿದ್ರೆ ಚಪ್ಪಾಳೆ ಬರುತ್ತೆ."

ಮನೆ ಊಹೆಯದು. ಆದರೆ ಇಂಥ ಜಗಲಿಗಳು ಎಷ್ಟೋ ಇವೆ ಎಂಬುದು ಓದುಗರಿಗೇ ಗೊತ್ತು. ಆಟದ ಲೆಕ್ಕದಲ್ಲಿ ಪುಟ್ಟ ಗೆದ್ದಿದ್ದಾನೆ. ಅವನಿಗೆ ಐದು ಎಂದರೇನೆಂದು ತಿಳಿಯಿತೇ? ಮೂರು ಬುಟ್ಟಿಗಳಿದ್ದಾಗ, ಏನೂ ತಿಳಿಯದ ಮಗುವೂ ಒಂದಾದ ಮೇಲೊಂದು ಒತ್ತುತ್ತ ಹೋದರೆ ಸರಾಸರಿ ಎರಡನೆಯ ಒತ್ತಿಗೇ ಸರಿಯುತ್ತರ ಮುಟ್ಟುತ್ತದೆ. (ಒಂದು, ಎರಡು, ಮೂರು ಕೂಡಿಸಿ ಮೂರರಿಂದ ಭಾಗಿಸಿ ನೋಡಿ.) ತಪ್ಪಿಗೆ ದಂಡವಿಲ್ಲದ, ಕಾರಣವನ್ನೂ ಹೇಳದ ಆಟ ಕಲಿಸುವುದು ಬೆರಳಿನ ಚುರುಕನ್ನು, ಎಣಿಕೆಯನ್ನಲ್ಲ.

ಹಾಗೆಂದು ಮೊಬೈಲನ್ನು ಕಿತ್ತು ಅಟ್ಟಕ್ಕೆಸೆಯಿರಿ ಎಂದು ಹೇಳುವುದೂ ಸರಿಯಲ್ಲ. ಟಿ.ವಿ.ಯ ಗೊಂಬೆಗಳಿಂದ ಪುಟ್ಟ ಮಕ್ಕಳಿಗೆ ಅಕ್ಷರ, ಅಂಕಿ ಕಲಿಸುವ ವಿದ್ಯೆಗೆ ಅರ್ಧ ಶತಮಾನಕ್ಕೂ ಮಿಕ್ಕಿದ ಇತಿಹಾಸವಿದೆ. ಆ ಇತಿಹಾಸದ ಸ್ವಲ್ಪ ಪರಿಚಯವಿದ್ದರೆ ಈ ಜಗಲಿಯಲ್ಲಿ ಏನು ಎಡವಟ್ಟಾಗಿದೆ ಎಂಬುದು ಸುಲಭವಾಗಿ ತಿಳಿಯುತ್ತದೆ.

ಕತೆ ಶುರುವಾಗುವುದು ಅಮೆರಿಕದಲ್ಲಿ, 1965ರ ಡಿಸೆಂಬರಿನಲ್ಲಿ. ಲಾಯ್ಡ್ ಮಾರಿಸೆಟ್ ಎಂಬ ಮನಶ್ಶಾಸ್ತ್ರಜ್ಞರು ಒಂದು ಭಾನುವಾರ ಬೆಳಿಗ್ಗೆ ಎದ್ದು ನೋಡಿದರೆ, ಅವರ ಮೂರು ವರ್ಷದ ಮಗಳು ಟಿ.ವಿ. ಮುಂದೆ ಕೂತಿದ್ದಳು. ಕಾರ್ಯಕ್ರಮವೇ ಶುರುವಾಗಿರಲಿಲ್ಲ. ಪರದೆಯ ಮೇಲೆ ಇದ್ದದ್ದು ಪ್ರಸಾರಕ್ಕೆ ಮುಂಚೆ ತೋರಿಸುವ ನಿಶ್ಚಲ ಗುರುತು ಮಾತ್ರ. ಅದನ್ನೇ ಮಗು ನೋಡುತ್ತಿತ್ತು! ಜಾಹೀರಾತಿನ ಹಾಡುಗಳೂ ಆ ಮಗುವಿಗೆ ಬಾಯಿಪಾಠ. ಜಾಹೀರಾತನ್ನು ಕಲಿಯಬಲ್ಲ ಮಗು ಅಕ್ಷರವನ್ನೇಕೆ ಕಲಿಯಬಾರದು? ಕೆಲವೇ ತಿಂಗಳಲ್ಲಿ ಒಂದು ಊಟದ ಕೂಟದಲ್ಲಿ ಟಿ.ವಿ. ನಿರ್ಮಾಪಕಿ ಜೋನ್ ಗ್ಯಾಂಜ್ ಕೂನಿ ಅವರೊಡನೆ ಈ ಮಾತು ಬಂತು. ಅದರ ಫಲವೇ 1969ರ ನವೆಂಬರ್ 10ರಂದು ಆರಂಭವಾದ 'ಸೆಸಮಿ ಸ್ಟ್ರೀಟ್'.

ಈ ಸರಣಿಯ ಹಿಂದಿದ್ದ ಪರೀಕ್ಷಾ ವಿಧಾನ ವಿಜ್ಞಾನದ ವಿದ್ಯಾರ್ಥಿಗಳಿಗೆ ರುಚಿಸುವಂಥದ್ದು. ಎಡ್ವರ್ಡ್ ಪಾಮರ್ ಎಂಬ ಸಂಶೋಧಕರು ಮಗುವಿನ ಮುಂದೆ ಟಿ.ವಿ. ಇಟ್ಟರು. ಅದರ ಪಕ್ಕದಲ್ಲಿ ಬೇಕೆಂದೇ ಇನ್ನೊಂದು ಪರದೆ. ಅದರ ಮೇಲೆ ಏಳೂವರೆ ಸೆಕೆಂಡಿಗೊಮ್ಮೆ ಬದಲಾಗುವ ಬಣ್ಣದ ಸ್ಲೈಡು ಚಿತ್ರಗಳು. ಮಗುವಿನ ಕಣ್ಣು ಟಿ.ವಿ.ಯ ಮೇಲಿದೆಯೋ ಸ್ಲೈಡಿನ ಕಡೆ ಜಾರಿತೋ ಎಂದು ಒಬ್ಬರು ಕೂತು ಗುರುತು ಹಾಕಿಕೊಳ್ಳುತ್ತಿದ್ದರು. ಕಣ್ಣು ಜಾರಿದ ಕಡೆ ಕಾರ್ಯಕ್ರಮ ಸೋತಿತು ಎಂದರ್ಥ. ಗೊಂಬೆಗಳನ್ನೂ ನಿಜವಾದ ಮನುಷ್ಯರನ್ನೂ ಬೆರೆಸಬೇಡಿ, ಮಕ್ಕಳಿಗೆ ಗೊಂದಲವಾಗುತ್ತದೆ ಎಂದು ತಜ್ಞರು ಮೊದಲು ಸಲಹೆ ಕೊಟ್ಟಿದ್ದರು. ಹಾಗೆಯೇ ಮಾಡಿದರು. ಗೊಂಬೆಗಳಿಲ್ಲದ ಬೀದಿಯ ದೃಶ್ಯ ಬಂದಾಗಲೆಲ್ಲ ಮಕ್ಕಳ ಕಣ್ಣು ಸ್ಲೈಡಿಗೆ ಓಡಿತು. ತಜ್ಞರ ಸಲಹೆಯನ್ನು ಬದಿಗಿಟ್ಟು ಬೀದಿಗೇ ಗೊಂಬೆಗಳನ್ನು ಇಳಿಸಿದರು. ಪ್ರಯೋಗ ಎಂದರೆ ಇದು. ಮಗು ಹೇಳಿದ್ದು ತಜ್ಞ ಹೇಳಿದ್ದಕ್ಕಿಂತ ದೊಡ್ಡದು.

ಇನ್ನೊಂದು ಜಾಣತನವನ್ನೂ ಅವರು ಮಾಡಿದ್ದರು. ದೊಡ್ಡವರಿಗೆ ಮಾತ್ರ ಅರ್ಥವಾಗುವ ನಗೆ, ದೊಡ್ಡವರಿಗೆ ಗೊತ್ತಿರುವ ಕಲಾವಿದರು, ಹಾಡುಗಾರರು ಇವನ್ನೆಲ್ಲ ನಡುನಡುವೆ ಸೇರಿಸಿದರು. ಏಕೆ? ಅಮ್ಮನೋ ಅಪ್ಪನೋ ನಗುತ್ತ ಪಕ್ಕದಲ್ಲೇ ಕೂರಲಿ ಎಂದು. ಕೂತವರು ಸುಮ್ಮನೆ ಕೂರುವುದಿಲ್ಲವಲ್ಲ! "ನೋಡು, ನಮ್ಮನೇಲೂ ಇಂಥದ್ದಿದೆ" ಎನ್ನುತ್ತಾರೆ. ಕಲಿಕೆ ಆಗುವುದು ಆ ಮಾತಿನಲ್ಲಿ.

ಮೊದಲೆರಡು ವರ್ಷಗಳ ಮೌಲ್ಯಮಾಪನದಲ್ಲಿ ಹೆಚ್ಚು ನೋಡಿದ ಮಕ್ಕಳು ಹೆಚ್ಚು ಕಲಿತಿದ್ದರು ಎಂಬ ಫಲಿತಾಂಶ ಬಂತು. ಎಲ್ಲರಿಗೂ ಸಂತೋಷ. ಆದರೆ 1975ರಲ್ಲಿ ಥಾಮಸ್ ಕುಕ್ ಮತ್ತು ಸಂಗಡಿಗರು ಅದೇ ಅಂಕಿಗಳನ್ನು ಮತ್ತೆ ಜಾಲಾಡಿದರು. ಪ್ರಯೋಗದ ವೇಳೆ ಸಂಶೋಧಕರು ಕೆಲವು ಮನೆಗಳಿಗೆ ಹೋಗಿ, ಮಗುವಿಗೆ ತೋರಿಸಿ ಎಂದು ತಾಯಂದಿರನ್ನು ಹುರಿದುಂಬಿಸಿದ್ದರು. ಲಾಭದ ದೊಡ್ಡ ಪಾಲು ಆ ಮನೆಗಳದ್ದೇ. ತಾನಾಗಿ ನೋಡಿದ ಮಗುವಿಗೆ ಸಿಕ್ಕಿದ್ದು ಕಡಿಮೆ. ಅನುಕೂಲಸ್ಥರ ಮಕ್ಕಳೂ ಬಡವರ ಮಕ್ಕಳೂ ಒಂದೇ ಕಾರ್ಯಕ್ರಮ ನೋಡಿದರೆ ಅವರ ನಡುವಿನ ಅಂತರ ಕುಗ್ಗುವ ಬದಲು ಹಿಗ್ಗಲೂಬಹುದು ಎಂಬ ಕಹಿಸತ್ಯವನ್ನು ಅವರು ಮುಂದಿಟ್ಟರು. ಇದು ಹಳೆಯ ಜಗಳ, ಇಂದಿಗೂ ಪೂರ್ತಿ ಮುಗಿದಿಲ್ಲ. ಆದರೆ 'ಪಕ್ಕದಲ್ಲಿ ಕೂತವರು ಯಾರು' ಎಂಬ ಪ್ರಶ್ನೆ ಅಂದಿನಿಂದ ತಪ್ಪಿಸಿಕೊಳ್ಳಲಾಗದ ಪ್ರಶ್ನೆಯಾಯಿತು.

ಟಿ.ವಿ.ಯಿಂದ ಆಟಕ್ಕೆ ಬರಲು ಹೆಚ್ಚು ಕಾಲ ಹಿಡಿಯಲಿಲ್ಲ. ಅದೇ ಸಂಸ್ಥೆ ಎಂಬತ್ತರ ದಶಕದ ಆರಂಭದಲ್ಲಿ ಕಂಪ್ಯೂಟರ್ ವಿಭಾಗವನ್ನು ತೆರೆದು, 1983ರ ಹೊತ್ತಿಗೆ ಅಟಾರಿ ಯಂತ್ರಕ್ಕೆ ಪುಟ್ಟ ಆಟಗಳನ್ನು ತಂದಿತು. ಬಿಸ್ಕತ್ತುಬಾಕ ಗೊಂಬೆಯನ್ನು ದಾರಿಯ ಜಟಿಲದಲ್ಲಿ ನಡೆಸುವುದು, ಉರುಳಿಬರುವ ಮೊಟ್ಟೆಗಳನ್ನು ಹಕ್ಕಿಯ ಬುಟ್ಟಿಯಲ್ಲಿ ಹಿಡಿಯುವುದು, ಅಕ್ಷರಕ್ಕೆ ಅಕ್ಷರ ಜೋಡಿಸುವುದು ಇಂಥವು. ಪುಟ್ಟ ಕೈಗಳಿಗೆ ಆಟದ ಕಡ್ಡಿ ಹಿಡಿಯಲು ಕಷ್ಟವೆಂದು ದೊಡ್ಡ ದೊಡ್ಡ ಗುಂಡಿಗಳ ಬೇರೆಯೇ ಹಲಗೆಯೂ ಬಂತು. ಬ್ರಿಟನ್ನಿನಲ್ಲಿ ಇನ್ನೊಂದು ರೀತಿ. ಅಲ್ಲಿ ಬಿಬಿಸಿ ಕಂಪ್ಯೂಟರ್ ಬಗ್ಗೆ ಟಿ.ವಿ. ಸರಣಿ ಮಾಡಲು ಹೊರಟು, ಅದರ ಜೊತೆಗೊಂದು ಕಂಪ್ಯೂಟರನ್ನೇ ಮಾಡಿಸಿತು. ಅದೇ 1981ರ ಬಿಬಿಸಿ ಮೈಕ್ರೊ. ನಮ್ಮ ದೇಶದ ಶಾಲೆಗಳಿಗೆ 1984ರಲ್ಲಿ 'ಕ್ಲಾಸ್' ಯೋಜನೆಯಡಿ ಮೊದಲು ಬಂದಿಳಿದದ್ದೂ ಇದೇ ಯಂತ್ರ. ಟಿ.ವಿ.ಗೂ ಶಾಲೆಯ ಕಂಪ್ಯೂಟರಿಗೂ ನೆಂಟಸ್ತಿಕೆ ಅಷ್ಟು ಹಳೆಯದು. ಆ ಯಂತ್ರಗಳು ಬಂದದ್ದು ಆಯ್ದ ಕೆಲವು ನೂರು ಶಾಲೆಗಳಿಗೆ ಮಾತ್ರ, ಅಲ್ಲಿಯೂ ಮುಟ್ಟಿದ ಮಕ್ಕಳಿಗಿಂತ ಬಾಗಿಲ ಸಂದಿಯಿಂದ ಇಣುಕಿದವರೇ ಹೆಚ್ಚಿರಬೇಕು.

ಇನ್ನು ಗೊರೂರಿಗೆ ಬರೋಣ. ಇಲ್ಲಿಂದ ಇಪ್ಪತ್ತು ಚಿಲ್ಲರೆ ಕಿಲೋಮೀಟರು ದೂರದ ಹಾಸನದಲ್ಲಿ, ಸಾಲಗಾಮೆ ರಸ್ತೆಯಲ್ಲಿ ಇಸ್ರೊದ ಮುಖ್ಯ ನಿಯಂತ್ರಣ ಕೇಂದ್ರವಿದೆ. 1982ರಲ್ಲಿ ಶುರುವಾದದ್ದು. ಆ ವರ್ಷ ಹಾರಿದ ಇನ್ಸಾಟ್-1ಎ ಕೆಲವೇ ತಿಂಗಳಲ್ಲಿ ಕೈಕೊಟ್ಟಿತು. 1983ರ ಆಗಸ್ಟಿನಲ್ಲಿ ಹಾರಿದ ಇನ್ಸಾಟ್-1ಬಿ ನಿಂತಿತು, ದೇಶದ ಮೂಲೆಮೂಲೆಗೆ ದೂರದರ್ಶನವನ್ನು ಹರಡಿತು. ನೆತ್ತಿಯ ಮೇಲೆ ಸುಮಾರು 36 ಸಾವಿರ ಕಿ.ಮೀ. ಎತ್ತರದಲ್ಲಿ ನಿಂತ ಉಪಗ್ರಹಕ್ಕೆ 'ಸ್ವಲ್ಪ ಈ ಕಡೆ ತಿರುಗಪ್ಪ' ಎಂದು ಹೇಳುವವರು ಹಾಸನದಲ್ಲಿ ಕೂತಿದ್ದಾರೆ. ಅದರಿಂದ ಇಳಿಯುವ ಕಾರ್ಟೂನು ಗೊರೂರಿನ ಮಗುವಿಗೆ ಅರ್ಥವಾಗದ ಭಾಷೆಯಲ್ಲಿ ಮಾತಾಡುತ್ತದೆ. ಉಪಗ್ರಹದ್ದೇನೂ ತಪ್ಪಿಲ್ಲ ಬಿಡಿ.

ಕನ್ನಡದಲ್ಲಿ ಮಕ್ಕಳಿಗಾಗಿ ಉಪಗ್ರಹ ಮಾತಾಡಿದ ಕಾಲವೂ ಇತ್ತು. 1975ರ ಆಗಸ್ಟ್ 1ರಿಂದ ಒಂದು ವರ್ಷ ನಡೆದ 'ಸೈಟ್' ಪ್ರಯೋಗದಲ್ಲಿ ಅಮೆರಿಕದ ಎಟಿಎಸ್-6 ಉಪಗ್ರಹವನ್ನು ಎರವಲು ಪಡೆದು, ಆರು ರಾಜ್ಯಗಳ ಸುಮಾರು 2400 ಹಳ್ಳಿಗಳಿಗೆ ಟಿ.ವಿ. ತಲುಪಿಸಿದರು. ಕರ್ನಾಟಕದ ಗುಲ್ಬರ್ಗ, ರಾಯಚೂರು, ಬಿಜಾಪುರ ಸೀಮೆಯ ಹಳ್ಳಿಗಳೂ ಅದರಲ್ಲಿದ್ದವು. ಬೆಳಿಗ್ಗೆಯ ಹೊತ್ತು ಶಾಲಾ ಮಕ್ಕಳಿಗೆ, ಸಂಜೆ ದೊಡ್ಡವರಿಗೆ. ಊರಿಗೆಲ್ಲ ಒಂದೇ ಪೆಟ್ಟಿಗೆ, ಸುತ್ತ ಇಡೀ ಊರು. ಯಾವ ಮಗುವೂ ಒಂಟಿಯಾಗಿ ಟಿ.ವಿ. ನೋಡಲು ಸಾಧ್ಯವೇ ಇರಲಿಲ್ಲ! ಬಡತನ ಕೆಲವೊಮ್ಮೆ ತಿಳಿಯದೆಯೇ ಒಳ್ಳೆಯ ಪಾಠಕ್ರಮವನ್ನು ಮಾಡಿಬಿಡುತ್ತದೆ.

ಸೆಸಮಿ ಸ್ಟ್ರೀಟಿನ ಭಾರತೀಯ ರೂಪ 'ಗಲಿ ಗಲಿ ಸಿಮ್ ಸಿಮ್' 2006ರಲ್ಲಿ ಬಂತು. ಶಾಲೆಯ ಸಮವಸ್ತ್ರದ ಚುರುಕು ಹುಡುಗಿ ಚಮ್ಕಿ, ದೊಡ್ಡ ಸಿಂಹ ಬೂಂಬಾ ಮುಂತಾದವರು ಅದರಲ್ಲಿದ್ದರು. ಹೆಣ್ಣು ಮಗುವನ್ನು ಪ್ರಶ್ನೆ ಕೇಳುವವಳಾಗಿ ಮುಂದೆ ನಿಲ್ಲಿಸಿದ್ದು ಮೆಚ್ಚಬೇಕಾದ ಕೆಲಸ. ಆದರೆ ಅದು ಬಂದದ್ದು ಹಿಂದಿಯಲ್ಲಿ. ಗೊರೂರಿನ ಅಜ್ಜಿಯ ಪಾಲಿಗೆ ಇಂಗ್ಲಿಷ್ ಬುಟ್ಟಿಯೂ ಹಿಂದಿ ಸಿಂಹವೂ ಒಂದೇ.

ಇಲ್ಲಿಯೇ ನಮ್ಮ ಪಾಲಕರು ಒಂದು ತಪ್ಪು ಲೆಕ್ಕ ಹಾಕುತ್ತಾರೆ. "ಇಂಗ್ಲಿಷಿನಲ್ಲೇ ಆಡಲಿ, ಹಾಗೇ ಇಂಗ್ಲಿಷೂ ಬರುತ್ತದೆ" ಎನ್ನುತ್ತಾರೆ. ಆಸೆ ತಪ್ಪಲ್ಲ. ಆದರೆ ಆಟ ಪರಭಾಷೆಯಲ್ಲಿದ್ದ ಕ್ಷಣವೇ ಅಜ್ಜಿ ಆಟದಿಂದ ಹೊರಗೆ. ಅವರಿಗೆ ಐದು ಗೊತ್ತು, ಐವತ್ತೂ ಗೊತ್ತು. ಸಂತೆಯ ಲೆಕ್ಕವನ್ನು ಬಾಯಲ್ಲೇ ಮಾಡಬಲ್ಲರು. ಗೊಂಬೆ ಏನು ಕೇಳಿತೆಂಬುದು ಮಾತ್ರ ಗೊತ್ತಿಲ್ಲ. ಮನೆಯಲ್ಲಿ ಸಮಯವಿರುವ, ತಾಳ್ಮೆಯೂ ಇರುವ ಒಬ್ಬ ಮೇಷ್ಟ್ರನ್ನು ಆ ಒಂದು ವಾಕ್ಯ ಕೆಲಸದಿಂದ ತೆಗೆದುಹಾಕಿತು. ಅಪ್ಪ ಅಮ್ಮ ಇಬ್ಬರೂ ಇಂಗ್ಲಿಷ್ ಬಲ್ಲ ನಗರದ ಮನೆಯಲ್ಲಿ ಅದೇ ಆಟಕ್ಕೆ ಜೊತೆಗಾರರಿದ್ದಾರೆ. ಕುಕ್ ಹೇಳಿದ ಅಂತರ ಹಿಗ್ಗುವುದು ಹೀಗೆ, ಸದ್ದಿಲ್ಲದೆ.

ತೀರ ಎಳೆಯ ಮಕ್ಕಳ ವಿಷಯದಲ್ಲಿ ಜೊತೆಗಾರರ ಅಗತ್ಯ ಇನ್ನೂ ಹೆಚ್ಚು. 1998ರಲ್ಲಿ ಜಾರ್ಜೀನ್ ಟ್ರೋಸೆತ್ ಮತ್ತು ಜೂಡಿ ಡಿಲೋಚ್ ಪ್ರಕಟಿಸಿದ ಪ್ರಯೋಗವೊಂದಿದೆ. ಪಕ್ಕದ ಕೋಣೆಯಲ್ಲಿ ಗೊಂಬೆಯನ್ನು ಬಚ್ಚಿಡುತ್ತಾರೆ. ಎರಡು ವರ್ಷದ ಮಗು ಅದನ್ನು ಕಿಟಕಿಯಿಂದ ಕಂಡರೆ ಓಡಿಹೋಗಿ ಹುಡುಕುತ್ತದೆ. ಅದೇ ದೃಶ್ಯವನ್ನು ಟಿ.ವಿ.ಯಲ್ಲಿ ಕಂಡರೆ ಬಹುಪಾಲು ಮಕ್ಕಳಿಗೆ ಗೊಂಬೆ ಎಲ್ಲಿದೆಯೆಂದು ತೋಚುವುದೇ ಇಲ್ಲ. ಪರದೆಯೊಳಗಿನದು ತನ್ನ ಕೋಣೆಗೆ ಸಂಬಂಧಿಸಿದ್ದೆಂಬ ಸೇತುವೆ ಆ ವಯಸ್ಸಿನಲ್ಲಿ ಕಟ್ಟಿರುವುದಿಲ್ಲ. ಎರಡೂವರೆ ವರ್ಷದ ಹೊತ್ತಿಗೆ ಕಟ್ಟತೊಡಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2019ರ ಮಾರ್ಗಸೂಚಿಯಲ್ಲಿ ಒಂದು ವರ್ಷದ ಮಗುವಿಗೂ ಪರದೆ ಬೇಡವೆಂದು, ಎರಡರಿಂದ ನಾಲ್ಕು ವರ್ಷದವರಿಗೆ ದಿನಕ್ಕೆ ಒಂದು ಗಂಟೆ ಮೀರಬಾರದು, ಕಡಿಮೆಯಾದಷ್ಟೂ ಒಳ್ಳೆಯದು ಎಂದು ಹೇಳಿತು. ಊಟ ಮಾಡಿಸುವಾಗ ಮೊಬೈಲು ಹಿಡಿಯುವ ತಾಯಂದಿರು ಆ ಗಂಟೆಯನ್ನು ಎಲ್ಲಿಂದ ಎಣಿಸಬೇಕೆಂದು ಯೋಚಿಸಲಿ.

ಟಿ.ವಿ.ಗಿಂತ ಆಟ ಮೇಲು ಎನ್ನುವುದಕ್ಕೆ ಕಾರಣವೂ ಇದೆ. ಟಿ.ವಿ. ಕಾಯುವುದಿಲ್ಲ. 1996ರಲ್ಲಿ ಅಮೆರಿಕದಲ್ಲಿ ಬಂದ 'ಬ್ಲೂಸ್ ಕ್ಲೂಸ್' ಸರಣಿಯಲ್ಲಿ ನಿರೂಪಕ ಪ್ರಶ್ನೆ ಕೇಳಿ, ಮಗು ಉತ್ತರಿಸಲೆಂದು ಸುಮ್ಮನೆ ನಿಲ್ಲುತ್ತಿದ್ದ. ದೊಡ್ಡವರಿಗೆ ಮುಜುಗರವಾಗುವಷ್ಟು ದೀರ್ಘ ಮೌನ. ಒಂದೇ ಕಂತನ್ನು ವಾರದಲ್ಲಿ ಐದು ದಿನ ತೋರಿಸಿದರು. ಮಕ್ಕಳು ಬೇಸರಪಡಲಿಲ್ಲ, ದಿನದಿನಕ್ಕೆ ಹೆಚ್ಚು ಜೋರಾಗಿ ಉತ್ತರ ಕೂಗಿದರು. (ಒಂದೇ ಕತೆಯನ್ನು ನೂರು ಸಲ ಹೇಳಿಸಿಕೊಳ್ಳುವ ಮೊಮ್ಮಕ್ಕಳಿರುವ ಯಾವ ಅಜ್ಜಿಗೂ ಇದು ಹೊಸ ಸಂಶೋಧನೆಯಲ್ಲ.) ಕಂಪ್ಯೂಟರ್ ಆಟ ಇನ್ನೂ ಮುಂದೆ ಹೋಗಬಲ್ಲದು. ಮಗು ಉತ್ತರಿಸುವ ತನಕ ಅದು ಕಾಯಬಲ್ಲದು, ಎಲ್ಲಿ ತಪ್ಪಿತೆಂದು ನೋಡಿ ಅಲ್ಲಿಗೇ ಮರಳಬಲ್ಲದು. ಆದರೆ ಎಲ್ಲ ಆಟಗಳೂ ಆ ಶಕ್ತಿಯನ್ನು ಬಳಸುವುದಿಲ್ಲ. ಎಷ್ಟೋ ಆಟಗಳಲ್ಲಿ ಐದು ಸೆಕೆಂಡು ತಡಮಾಡಿದರೆ ಗೊಂಬೆಯೇ ಉತ್ತರ ಹೇಳಿಬಿಡುತ್ತದೆ, ಇಲ್ಲವೇ ಜಾಹೀರಾತು ಹಾರಿಬರುತ್ತದೆ.

ಶಾಲೆಗಳಲ್ಲಿ ಇವುಗಳ ಉಪಯೋಗವೇನು? ನಮ್ಮ ದೇಶದಲ್ಲೇ ಒಳ್ಳೆಯ ಅಧ್ಯಯನ ನಡೆದಿದೆ. ಗುಜರಾತಿನ ವಡೋದರದಲ್ಲಿ 2002ರಿಂದ ಎರಡು ವರ್ಷ, 'ಪ್ರಥಮ್' ಸಂಸ್ಥೆ ಸರ್ಕಾರಿ ಶಾಲೆಗಳ ನಾಲ್ಕನೆಯ ತರಗತಿಯ ಮಕ್ಕಳಿಗೆ ವಾರಕ್ಕೆ ಎರಡು ಗಂಟೆ ಗಣಿತದ ಆಟಗಳನ್ನು ಆಡಿಸಿತು, ಒಂದು ಕಂಪ್ಯೂಟರಿಗೆ ಇಬ್ಬರಂತೆ. ಗಣಿತದಲ್ಲಿ ಒಳ್ಳೆಯ ಪ್ರಗತಿ ಕಂಡಿತು. ಆಟ ನಿಂತು ಒಂದು ವರ್ಷವಾದ ಮೇಲೆ ನೋಡಿದರೆ ಅದರ ಬಹುಪಾಲು ಕರಗಿಹೋಗಿತ್ತು. ಗುಜರಾತಿನದೇ ಇನ್ನೊಂದು ಅಧ್ಯಯನದಲ್ಲಿ, ಪಾಠದ ವೇಳೆಯನ್ನು ಕಿತ್ತು ಕಂಪ್ಯೂಟರಿಗೆ ಕೊಟ್ಟಾಗ ಮಕ್ಕಳು ಹಿಂದೆ ಬಿದ್ದರು. ಪಾಠ ಮುಗಿದ ಮೇಲೆ ಹೆಚ್ಚುವರಿಯಾಗಿ ಆಡಿಸಿದಾಗ, ಅದರಲ್ಲೂ ಹಿಂದುಳಿದ ಮಕ್ಕಳಿಗೆ, ಸಹಾಯವಾಯಿತು. ಆಟ ಉಪ್ಪಿನಕಾಯಿ, ಅನ್ನವಲ್ಲ ಎಂದಂತಾಯಿತು. ಕರ್ನಾಟಕದಲ್ಲಿಯೂ ಅಜೀಂ ಪ್ರೇಮ್‌ಜಿ ಪ್ರತಿಷ್ಠಾನ 2001ರ ನಂತರದ ವರ್ಷಗಳಲ್ಲಿ ಕನ್ನಡದಲ್ಲಿ ಕತೆ-ಆಟಗಳ ಸಿ.ಡಿ.ಗಳನ್ನು ಮಾಡಿಸಿ ಹಳ್ಳಿಯ ಶಾಲೆಗಳಿಗೆ ಮುಟ್ಟಿಸಿತು. ಮುಂದೆ ಆ ಸಂಸ್ಥೆಯವರೇ, ಒಳ್ಳೆಯ ಮೇಷ್ಟ್ರಿಗೆ ಕಂಪ್ಯೂಟರು ಬದಲಿಯಲ್ಲವೆಂದು ಬಹಿರಂಗವಾಗಿ ಬರೆದರು. ತಾವೇ ಮಾಡಿದ ಕೆಲಸದ ಮಿತಿಯನ್ನು ತಾವೇ ಹೇಳುವುದು ದೊಡ್ಡತನ. ಅದು ಎಲ್ಲ ಕಡೆ ಸಿಗುವ ಗುಣವಲ್ಲ.

ಹಾಗಾದರೆ ಕನ್ನಡದಲ್ಲಿ ಆಟ ಮಾಡಿದರೆ ಆಯಿತೇ? ಇಂಗ್ಲಿಷ್ ಆಟದ ಮಾತನ್ನಷ್ಟೇ ಕನ್ನಡಕ್ಕೆ ತಿರುಗಿಸಿದರೆ ಸಾಲದು. ಇಂಗ್ಲಿಷಿನಲ್ಲಿ ಅಕ್ಷರದ ಹೆಸರು ಬೇರೆ, ಉಲಿಯುವ ಸದ್ದು ಬೇರೆ. ಅದಕ್ಕೇ ಹೆಸರಿಗೆ ಸದ್ದು ಜೋಡಿಸುವ ಆಟಗಳು ಅಲ್ಲಿ ಬೇಕು. ಕನ್ನಡದ 'ಕ'ದ ಹೆಸರೂ ಕ, ಸದ್ದೂ ಕ. ಆ ಆಟ ಇಲ್ಲಿ ವ್ಯರ್ಥ. ನಮ್ಮ ಮಗು ಎಡವುವುದು ಬೇರೆ ಕಡೆ: ಬಳೆ-ಬಾಳೆ, ಕೊಡು-ಕೋಡು ಎಂಬ ಹ್ರಸ್ವ ದೀರ್ಘಗಳಲ್ಲಿ, ಹುಲಿ-ಹುಳಿ, ಹಲ್ಲಿ-ಹಳ್ಳಿ ಎಂಬ ಲ-ಳಗಳಲ್ಲಿ, ಕಾಗುಣಿತದ ಕೊಂಬಿನಲ್ಲಿ, ಒತ್ತಕ್ಷರದಲ್ಲಿ. 'ಹುಲಿ' ಎಂದು ಗೊಂಬೆ ಹೇಳಿದಾಗ ಪರದೆಯ ಮೇಲೆ ಒಂದು ಕಡೆ ಹುಲಿ, ಇನ್ನೊಂದು ಕಡೆ ಹುಳಿಯ ಪಾತ್ರೆ ಬಂದರೆ ಮಗುವೂ ನಗುತ್ತದೆ, ಅಜ್ಜಿಯೂ ನಗುತ್ತಾರೆ. ಅಂಥ ಆಟವನ್ನು ಕನ್ನಡದೊಳಗಿನಿಂದಲೇ ಕಟ್ಟಬೇಕು. ಗಣಿತಕ್ಕೆ ಬೆಂಗಳೂರಿನ ಅಕ್ಷರ ಫೌಂಡೇಶನ್ 'ಬಿಲ್ಡಿಂಗ್ ಬ್ಲಾಕ್ಸ್' ಎಂಬ ಉಚಿತ ಆಟಗಳ ಆ್ಯಪ್ ಅನ್ನು ಕನ್ನಡದಲ್ಲಿಯೂ ತಂದಿದೆ. ಶಾಲಾ ಪಠ್ಯಕ್ಕೆ ಹೊಂದಿಸಿದ್ದು. ಸಾಧಾರಣ ಮೊಬೈಲಿರುವ ಪಾಲಕರು ಒಮ್ಮೆ ತೆರೆದು ನೋಡಬಹುದು.

ಕಂಪ್ಯೂಟರೇ ಇಲ್ಲದ ಕಿರುಆಟಗಳೂ ನಮ್ಮಲ್ಲಿವೆ ಎಂಬುದನ್ನು ಮರೆಯಬಾರದು. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಹುಟ್ಟಿ, ಆಮೇಲೆ ರಾಜ್ಯದ ಸರ್ಕಾರಿ ಶಾಲೆಗಳಿಗೆಲ್ಲ ಹರಡಿದ ನಲಿ-ಕಲಿ ಪದ್ಧತಿಯನ್ನು ನೋಡಿ. ಪಾಠವೆಲ್ಲ ಚಿಕ್ಕ ಚಿಕ್ಕ ಕಾರ್ಡು, ಪ್ರತಿ ಕಾರ್ಡಿಗೂ ಒಂದು ಗುರುತು, ಗೋಡೆಯ ಮೇಲೆ ಕಲಿಕೆಯ ಏಣಿ. ಮಗು ತನ್ನ ವೇಗದಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಹತ್ತುತ್ತದೆ, ಕೆಲವು ಮೆಟ್ಟಿಲಲ್ಲಿ ಟೀಚರ್ ಜೊತೆ, ಕೆಲವರಲ್ಲಿ ಗೆಳೆಯರ ಜೊತೆ. ಕಂಪ್ಯೂಟರ್ ಆಟಗಾರರು 'ಲೆವೆಲ್' ಎಂದು ಕರೆಯುವುದು ಇದನ್ನೇ. ವಿದ್ಯುತ್ ಹೋದರೂ ಇದು ನಿಲ್ಲುವುದಿಲ್ಲ.

ಅಜ್ಜಿಯ ಟ್ರಂಕಿನಲ್ಲಿ ಅಳಗುಳಿಮಣೆ ಇದ್ದರೆ ಹೊರತೆಗೆಯಿರಿ. ಹದಿನಾಲ್ಕು ಗುಳಿ, ಹುಣಿಸೆಬೀಜ. ಒಂದೊಂದು ಗುಳಿಗೆ ಒಂದೊಂದು ಬೀಜ ಹಾಕುವಾಗ ಮಗು ಬೆರಳಿನಲ್ಲಿ ಎಣಿಸುತ್ತದೆ. ಕಂಪ್ಯೂಟರಿನ ಸೇಬಿಗೆ ತೂಕವಿಲ್ಲ, ಹುಣಿಸೆಬೀಜಕ್ಕಿದೆ. ಸ್ವಲ್ಪ ದೊಡ್ಡ ಮಕ್ಕಳಿಗೆ ಚೌಕಾಬಾರ ಒಳ್ಳೆಯ ಪ್ರಯೋಗಶಾಲೆ. ನಾಲ್ಕು ಕವಡೆ ಎಸೆದರೆ ಒಟ್ಟು 16 ಬಗೆಯಲ್ಲಿ ಬೀಳಬಹುದು: ಒಂದು ಬೀಳುವುದು 4 ಬಗೆ, ಎರಡು 6, ಮೂರು 4, ನಾಲ್ಕು ಮತ್ತು ಎಂಟು ತಲಾ ಒಂದೊಂದು. ಕವಡೆ ನಾಣ್ಯದಂತೆ ಸಮವಾಗಿ ಬೀಳುವುದಾದರೆ 160 ಎಸೆತದಲ್ಲಿ ಎರಡು ಸುಮಾರು 60 ಸಲ ಬರಬೇಕು. ಕವಡೆ ನಿಜವಾಗಿ ಸಮವೇ? ಹೈಸ್ಕೂಲಿನ ಅಣ್ಣ ಎಸೆಯಲಿ, ಪುಟ್ಟ ಗೆರೆ ಹಾಕಲಿ. ಉತ್ತರ ಯಾವ ಪುಸ್ತಕದ ಹಿಂದೆಯೂ ಇಲ್ಲ, ಮನೆಯ ಕವಡೆಯಲ್ಲಿದೆ.

ಮೊಬೈಲಿನ ಆಟಕ್ಕೂ ಇದೇ ಪರೀಕ್ಷೆ ಸಾಕು. ಆಟ ಮುಗಿದ ಮೇಲೆ ಮೊಬೈಲನ್ನು ಪಕ್ಕಕ್ಕಿಟ್ಟು, "ಐದು ಅವರೆಕಾಯಿ ಕೊಡು ಮಗಾ" ಎಂದು ಅಜ್ಜಿ ಕೇಳಲಿ. ಕೊಟ್ಟರೆ ಆಟ ಕಲಿಸಿದೆ. ಮಗು ಹಳದಿ ಬುಟ್ಟಿ ಹುಡುಕಿದರೆ ಆ ಆಟವನ್ನು ಅಳಿಸಿಹಾಕಬಹುದು.

ದೊಡ್ಡ ಮಕ್ಕಳಿಗೆ ಗೊರೂರಿನಲ್ಲಿ ಇನ್ನೊಂದು ಆಟವಿದೆ, ಬೇರೆ ಊರಿನವರಿಗೆ ಇಲ್ಲದ್ದು. ಮಳೆಗಾಲದಲ್ಲಿ ಪತ್ರಿಕೆಯಲ್ಲಿ ಜಲಾಶಯಗಳ ಮಟ್ಟ ಬರುತ್ತದಲ್ಲ, ಅದರಲ್ಲಿ ಹೇಮಾವತಿಯ ಸಾಲು ಹುಡುಕಲಿ. ಗರಿಷ್ಠ ಮಟ್ಟ 2922 ಅಡಿ. ಇಂದಿನ ಮಟ್ಟವನ್ನು ಅದರಿಂದ ಕಳೆದು ಗೋಡೆಯ ಕ್ಯಾಲೆಂಡರಿನಲ್ಲಿ ಬರೆಯಲಿ, ನಾಳೆಯದೆಷ್ಟೆಂದು ಊಹಿಸಿ ಪಕ್ಕದಲ್ಲಿ ಬರೆಯಲಿ. ಅಜ್ಜಿಯೂ ಒಂದು ಅಂಕಿ ಹೇಳಲಿ. ಮರುದಿನ ಪತ್ರಿಕೆ ಬಂದಾಗ ಯಾರ ಅಂಕಿ ಹತ್ತಿರ ಬಂತು ಎಂದು ನೋಡಿದರಾಯಿತು. ಅಣೆಕಟ್ಟು ಕಟ್ಟುವ ಮುಂಚಿನಿಂದಲೂ ಆ ಹೊಳೆಯನ್ನು ಕಂಡ ಅಜ್ಜಿಯಾದರೆ ಸೋಲಿಸುವುದು ಕಷ್ಟ.